ಕೆಂಪು ದಾರದ ಮೂಟೆ

೧೪ ಜುಲೈ ೧೯೫೮, ಸೋಮವಾರ

ಎಂಟನೇ ಕ್ಲಾಸಿನ ಬೀಜಗಣಿತದ ನೋಟ್‌ಬುಕ್ಕಿನಲ್ಲಿ ಮೂರು ಪಾಠ ಆದ ಮೇಲೆ ಉಳಿದದ್ದೆಲ್ಲ ಖಾಲಿ. ಅವ್ವ ಒಲೆ ಹಚ್ಚಲು ಅದರ ಹಾಳೆ ಕೀಳುತ್ತಿದ್ದಳು. ಇನ್ನು ಕೀಳಬೇಡ ಎಂದು ಹೇಳಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೇನೆ. ನಾನು ಮಾತಾಡಿದರೆ ಜಗಳವಾಗುತ್ತದೆ. ಬರೆದರೆ ಆಗುವುದಿಲ್ಲ.

ಬೆಳಿಗ್ಗೆ ನಮ್ಮೂರ ಸರ್ಕಾರಿ ಸ್ಕೂಲಿನ ಹೆಡ್‌ಮೇಷ್ಟ್ರು ಚನ್ನಬಸವಯ್ಯ ದೊಡ್ಡಪ್ಪನ ಜಗುಲಿಗೆ ಬಂದಿದ್ದರು. ಸ್ಕೂಲು ಇರುವುದು ನಾಲ್ಕನೇ ಕ್ಲಾಸಿನ ತನಕ. ಜನವರಿಯಲ್ಲಿ ಇನ್‌ಸ್ಪೆಕ್ಟರು ಬಂದು ಎಣಿಸಿದಾಗ ಅರವತ್ತು ಮಕ್ಕಳಿದ್ದರೆ ಐದನೇ ಕ್ಲಾಸು ಕೊಡುತ್ತಾರಂತೆ. ಇಲ್ಲದಿದ್ದರೆ ಸ್ಕೂಲನ್ನೇ ಮುಚ್ಚಿ ಜಯನಗರದ ಹೊಸ ಸ್ಕೂಲಿಗೆ ಸೇರಿಸುತ್ತಾರಂತೆ. ಈಗಿರುವುದು ಮೂವತ್ತೆಂಟು. ಮಧ್ಯಾಹ್ನ ಒಂದು ಹೊತ್ತು ಊಟ ಹಾಕಿದರೆ ದನ ಕಾಯುವವೂ ಕಲ್ಲು ಒಡೆಯುವವೂ ಬರುತ್ತವೆ ಎಂದು ಮೇಷ್ಟ್ರ ನಂಬಿಕೆ. ಅದಕ್ಕೆ ಹಿಡಿ ರಾಗಿ. ಮನೆಗೊಂದು ಮಡಕೆ ಕೊಡುವುದು, ಹೆಂಗಸರು ದಿನಾ ರಾಗಿ ಬೀಸಲು ಕೂರುವಾಗ ಒಂದು ಹಿಡಿ ತೆಗೆದು ಅದಕ್ಕೆ ಹಾಕುವುದು, ವಾರಕ್ಕೊಮ್ಮೆ ನಾವು ಹೋಗಿ ತರುವುದು. ಜಯನಗರದ ಮನೆಗಳಿಂದಾದರೆ ಅಕ್ಕಿ.

ದೊಡ್ಡಪ್ಪ ಚಿಕ್ಕಬೈರಪ್ಪ ಸಮಿತಿಯ ಅಧ್ಯಕ್ಷ. ಸ್ಕೂಲಿನ ಕಟ್ಟಡ ಅವನದು, ಅಡಿಗೆಯ ಹಂಡೆ ಅವನದು, ಅಪ್ಪ ಹೋದ ಮೇಲೆ ನಮ್ಮ ಮನೆಯ ಮಾತೂ ಅವನದೇ. ಗಾಡಿ ತಳ್ಳುವವರು ಯಾರು ಎಂದು ಮೇಷ್ಟ್ರು ಕೇಳಿದಾಗ ನನ್ನ ಕಡೆ ಕೈ ತೋರಿಸಿದ. “ಇವ್ನಿದ್ದಾನಲ್ಲ. ಓದೂ ಬಿಟ್ಟ, ಸೈಕಲ್ ಶಾಪೂ ಬಿಟ್ಟ. ಬಾಯಿ ಮುಚ್ಕೊಂಡು ಮಾಡೋ ಕೆಲಸ ಅಂದ್ರೆ ಇದೊಂದೇ ಉಳ್ದಿರೋದು.”

ಓದು ಯಾಕೆ ಬಿಟ್ಟೆ ಎಂದು ಇಲ್ಲಿಯಾದರೂ ಸರಿಯಾಗಿ ಬರೆದಿಡುತ್ತೇನೆ. ಮಿಡ್ಲ್ ಸ್ಕೂಲಿನಲ್ಲಿ ಇನ್‌ಸ್ಪೆಕ್ಟರು ಬರುವ ಮೂರು ದಿನ ಮುಂಚೆ ಅವರು ಕೇಳುವ ಪ್ರಶ್ನೆಗಳನ್ನೂ ಉತ್ತರಗಳನ್ನೂ ನಮಗೆ ಬಾಯಿಪಾಠ ಮಾಡಿಸಿದ್ದರು. ಇನ್‌ಸ್ಪೆಕ್ಟರು ಮೆಚ್ಚಿಕೊಂಡು, ಇದನ್ನೆಲ್ಲ ಯಾವಾಗ ಕಲಿತಿರಿ ಎಂದರು. ಎಲ್ಲರೂ ಸುಮ್ಮನಿದ್ದರು. ನಾನು ಎದ್ದು ನಿಂತು, ಮೊನ್ನೆ ಸಾರ್, ಎಂದೆ. ಅವರು ಹೋದ ಮೇಲೆ ಬೆತ್ತ ಮುರಿಯುವ ತನಕ ಹೊಡೆದರು. ಮಾರನೆಯ ದಿನದಿಂದ ಹೋಗಲಿಲ್ಲ. ಸೈಕಲ್ ಶಾಪಿನಲ್ಲೂ ಅಷ್ಟೆ. ಟ್ಯೂಬು ಹೊಸದೇ ತಾನೆ ಎಂದು ಗಿರಾಕಿ ನನ್ನನ್ನೇ ಕೇಳಿದ. ಅಲ್ಲ, ತೇಪೆ ಹಾಕಿದ್ದು, ಎಂದೆ. ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿದ್ದು ಬಿಟ್ಟರೆ ನಾನು ಯಾವ ತಪ್ಪೂ ಮಾಡಿಲ್ಲ.

೧ ಆಗಸ್ಟ್, ಶುಕ್ರವಾರ

ಮಡಕೆ ಹಂಚಿ ಹತ್ತು ದಿನವಾಯಿತು. ಶುಕ್ರವಾರ ಒಳ್ಳೆಯ ದಿನ ಎಂದು ಮೇಷ್ಟ್ರು ಇವತ್ತು ಕಳಿಸಿದರು. ಊರೆಲ್ಲ ತಿರುಗಿ ಖಾಲಿ ಗಾಡಿ ತಂದೆ. ಶುಕ್ರವಾರ ಮನೆಯ ಕಾಳು ಹೊಸ್ತಿಲು ದಾಟಬಾರದು ಎಂದು ಎಲ್ಲ ಹೆಂಗಸರದೂ ಒಂದೇ ಮಾತು. ಅವ್ವ ಕೂಡ ಕೊಡಲಿಲ್ಲ. “ನಿಮ್ಮ ಮೇಷ್ಟ್ರಿಗೆ ಮನೇಲಿ ಹೇಳೋರಿಲ್ವಾ?” ಎಂದಳು. ಇನ್ನು ಮೇಲೆ ಸೋಮವಾರ.

೪ ಆಗಸ್ಟ್, ಸೋಮವಾರ

ಊರಿನಲ್ಲಿ ಮೂವತ್ತೊಂದು ಮನೆ ಕೊಟ್ಟವು. ಕೆಲವು ಮಡಕೆಯಲ್ಲಿ ರಾಗಿಗಿಂತ ಕಲ್ಲು ಹೆಚ್ಚು. ಜಯನಗರದಲ್ಲಿ ಒಂಬತ್ತು ಮನೆ. ಅಲ್ಲಿ ಉಮಾಮಹೇಶ್ವರಿ ಅನ್ನುವವರು, ಯಜಮಾನರು ಸರ್ಕಾರದ ಆಫೀಸಿನಲ್ಲಿದ್ದಾರೆ, ಮಡಕೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಅಕ್ಕಿ ಇಟ್ಟಿದ್ದರು. ರಸೀದಿ ಕೇಳಿದರು. ಇಲ್ಲ ಎಂದೆ. ಆ ಮನೆಯ ಹಿತ್ತಲು ಇರುವ ಜಾಗ ಜಯನಗರ ಆಗುವ ಮುಂಚೆ ನಮ್ಮ ರಾಗಿ ಹೊಲವಾಗಿತ್ತು. ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಬರುವಾಗ ಕೆರೆ ಕೋಡಿಯ ಹತ್ತಿರ ಮಂಗಮ್ಮ ಗಾಡಿ ತಡೆದಳು. ಕೋಡಿಯ ಕೆಳಗಿನ ಹರಿಜನ ಕಾಲೊನಿಯ ಮುದುಕಿ, ಮೊಮ್ಮಗಳೊಬ್ಬಳನ್ನು ಸಾಕಿಕೊಂಡಿದ್ದಾಳೆ. “ಸಾಮಿ, ನಮ್ಮ ಮಕ್ಳೂ ಅಲ್ಲೇ ಉಣ್ತವಂತೆ. ನಮ್ಗ್ಯಾಕೆ ಮಡಕೆ ಕೊಡ್ಲಿಲ್ಲ?”

ಸಾಮಿ ಅನ್ನಬೇಡ ಎಂದೆ. ಮಡಕೆ ಯಾಕೆ ಕೊಡಲಿಲ್ಲವೋ ನನಗೂ ಗೊತ್ತಿರಲಿಲ್ಲ. ಗಾಡಿಯಲ್ಲಿ ಹನ್ನೆರಡು ಉಳಿದಿದ್ದವು. ಎಲ್ಲವನ್ನೂ ಅಲ್ಲೇ ಇಳಿಸಿದೆ.

೧೧ ಆಗಸ್ಟ್, ಸೋಮವಾರ

ಕಾಲೊನಿಯ ಹನ್ನೆರಡು ಮಡಕೆಯೂ ಕುತ್ತಿಗೆಯ ತನಕ ತುಂಬಿದ್ದವು. ಮಂಗಮ್ಮ ಮೊರದಲ್ಲಿ ಕೇರಿ ಕೊಟ್ಟಿದ್ದಳು, ಒಂದು ಕಲ್ಲಿಲ್ಲ.

ದೊಡ್ಡಪ್ಪ ಗಾಡಿ ನೋಡಿದ, ಬೈಯಲಿಲ್ಲ. “ಕೊಟ್ಟ ಮಡಕೆ ಕಿತ್ಕೊಂಡ್ರೆ ಚೆಂದಾಗಿರಲ್ಲ. ಮೂಟೆ ಬೇರೆ ಮಾಡು,” ಎಂದ. ಕಾಲೊನಿಯ ರಾಗಿಯ ಮೂಟೆಗೆ ಕೆಂಪು ದಾರ. ಅದು ಸ್ಕೂಲಿಗೆ ಹೋಗುವುದಿಲ್ಲ. ರೇವಣಸಿದ್ದಪ್ಪನ ಅಂಗಡಿಗೆ ಹೋಗುತ್ತದೆ, ಅವನು ತೂಗಿಕೊಂಡು ಉಪ್ಪು, ಬೇಳೆ, ಸೌದೆ ಕೊಡುತ್ತಾನೆ. ಉಪ್ಪಿಗೆ ಮೈಲಿಗೆ ಇಲ್ಲ. ಸಮಿತಿಯವರು ಇದನ್ನು ಐದು ನಿಮಿಷದಲ್ಲಿ ತೀರ್ಮಾನ ಮಾಡಿದರು. ಕಾಲೊನಿಯ ಮಕ್ಕಳು ಊರವರ ರಾಗಿ ತಿನ್ನಬಹುದು, ಅಂಗಳದಲ್ಲಿ ಕೂತು. ಊರವರ ಮಕ್ಕಳು ಅವರದ್ದು ತಿನ್ನುವ ಹಾಗಿಲ್ಲ.

ಸಂಜೆ ಮೇಷ್ಟ್ರು ನನ್ನನ್ನು ಬೇರೆ ಕರೆದರು. ನನ್ನ ಕಥೆ ಅವರಿಗೂ ಗೊತ್ತಿದೆ. “ಸುಳ್ಳು ಹೇಳು ಅಂತ ನಾನು ಹೇಳ್ತಿಲ್ಲ ವೆಂಕಟಾಚಲ. ಕೇಳದವರಿಗೆ ಹೇಳಬೇಡ, ಅಷ್ಟೆ. ಐದನೇ ಕ್ಲಾಸು ಬರಲಿ. ಆಮೇಲೆ ನೋಡೋಣ.”

ಅದು ಸುಳ್ಳಲ್ಲ. ಒಪ್ಪಿಕೊಂಡೆ.

೩ ಸೆಪ್ಟೆಂಬರ್

ಊಟ ಶುರುವಾಗಿ ಮೂರು ದಿನ. ಮುನಿವೆಂಕಟಮ್ಮ ಅಡಿಗೆ ಮಾಡುತ್ತಾಳೆ. ಹಾಜರಿ ಐವತ್ತೆರಡು. ದೊಡ್ಡಪ್ಪ ಹೆಗಲ ಮೇಲೆ ಟವಲು ಹಾಕಿಕೊಂಡು ಮಕ್ಕಳ ಮಧ್ಯೆ ಓಡಾಡುತ್ತಾನೆ. ನಾನು ಸ್ಕೂಲಿನ ಒಳಗೆ ಕಾಲಿಡುವುದಿಲ್ಲ. ಮೂಟೆಯನ್ನು ಬಾಗಿಲ ತನಕ ತಂದು ಬಿಡುತ್ತೇನೆ.

೬ ಅಕ್ಟೋಬರ್, ಸೋಮವಾರ

ಮಂಗಮ್ಮನ ಮೊಮ್ಮಗಳು ಯಲ್ಲಕ್ಕ ಈಗ ಸೋಮವಾರ ಸಂಜೆ ಗಾಡಿಯ ಹಿಂದೆ ಬರುತ್ತಾಳೆ. ಕರೆದದ್ದು ನಾನಲ್ಲ. ನಾಲ್ಕನೇ ಕ್ಲಾಸು, ಹತ್ತು ವರ್ಷ. ಕಾಲೊನಿಯಲ್ಲಿ ನಾಲ್ಕರ ತನಕ ಬಂದ ಹುಡುಗಿ ಇವಳೊಬ್ಬಳೇ. ಊರಲ್ಲೇ ಐದನೇ ಕ್ಲಾಸು ಆದರೆ ಓದುತ್ತಾಳೆ, ಇಲ್ಲದಿದ್ದರೆ ಗಾರೆ ಕೆಲಸಕ್ಕೆ ಹೋಗುತ್ತಾಳೆ. ಎರಡು ಮೈಲಿ ದೂರದ ಸ್ಕೂಲಿಗೆ ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಮಂಗಮ್ಮ ಹೇಳಿಬಿಟ್ಟಿದ್ದಾಳೆ. ಯಲ್ಲಕ್ಕ ಇದನ್ನು ಬೇರೆ ಯಾರದೋ ವಿಷಯದ ಹಾಗೆ ಹೇಳಿದಳು.

ಜಯನಗರದ ಖಾಲಿ ಸೈಟುಗಳ ಕಲ್ಲಿನ ಮೇಲೆ ನಂಬರು ಕೆತ್ತಿದ್ದಾರೆ. ಅವಳು ಅವನ್ನು ಕೂಡಿಸುತ್ತ ಬರುತ್ತಾಳೆ. ರಸ್ತೆಯ ಕೊನೆಗೆ ಬಂದಾಗ ಮೊತ್ತ ಹೇಳುತ್ತಾಳೆ. ಇವತ್ತು ದಶಕ ತಪ್ಪಿತ್ತು. ತಪ್ಪು ಕೇಳಿಸಿಕೊಂಡು ಸುಮ್ಮನಿರಲು ನನಗಾಗುವುದಿಲ್ಲ, ವಾಪಸ್ ಕರೆದುಕೊಂಡು ಹೋಗಿ ಮೊದಲ ಕಲ್ಲಿಂದ ಕೂಡಿಸಿದೆ. ಅದರಿಂದ ತಡವಾಯಿತು.

೨೦ ಅಕ್ಟೋಬರ್, ಸೋಮವಾರ

ಭಾಗಾಕಾರ. ಕಂಪಾಸ್ ಪೆಟ್ಟಿಗೆ ಟ್ರಂಕಿನಲ್ಲಿ ತುಕ್ಕು ಹಿಡಿಯುತ್ತಿತ್ತು, ಯಲ್ಲಕ್ಕನಿಗೆ ಕೊಟ್ಟೆ. ಅವಳಿಗೆ ಬೇಕಾಗುವುದು ಆರನೇ ಕ್ಲಾಸಿಗೆ. ಈಗಲೇ ಯಾಕೆ ಕೊಟ್ಟೆ ಎಂದು ಅವ್ವ ಕೇಳಿದಳು. ತುಕ್ಕು ಹಿಡಿಯುತ್ತಿತ್ತು ಎಂದೆ.

೧೦ ನವೆಂಬರ್, ಸೋಮವಾರ

ಹಾಜರಿ ಅರವತ್ತೇಳು. ಮೇಷ್ಟ್ರು ನಗುವುದನ್ನು ಮೊದಲ ಸಲ ನೋಡಿದೆ. ಹಲ್ಲು ಚೆನ್ನಾಗಿಲ್ಲ.

ಬರುವಾಗ ಯಲ್ಲಕ್ಕ ಕೇಳಿದಳು. “ಅಣ್ಣ, ಅಡಿಗೆ ಕೋಣೇಲಿ ಕೆಂಪು ದಾರದ ಮೂಟೆ ಒಂದ್ಸಲಾನೂ ನೋಡಿಲ್ಲ. ನಮ್ಮ ರಾಗಿ ಎಲ್ಲಿಗೋಯ್ತದೆ?”

ಕೇಳಿದಳು, ಹೇಳಿದೆ. ಅಂಗಡಿಗೆ, ಯಾಕೆ ಅಂದರೆ ಹೀಗೆ. ಗಾಡಿಗೆ ಕೈ ಕೊಟ್ಟು ತಳ್ಳಿದಳು. ಸೈಟಿನ ಕಲ್ಲು ಬಂದರೂ ಕೂಡಿಸಲಿಲ್ಲ. ಆಮೇಲೆ, “ನಮ್ಮಜ್ಜಿಗೆ ಹೇಳ್ಬೇಡಿ,” ಎಂದಳು.

ಅವಳಾಗಿ ಕೇಳಿದರೆ ಹೇಳಲೇಬೇಕಾಗುತ್ತದೆ ಎಂದೆ.

“ಕೇಳಲ್ಲ ಬಿಡಿ. ಅಜ್ಜಿ ಅದನ್ನ ತೊಳ್ದು ಒಣಗ್ಸಿ ಹಾಕ್ತದೆ. ಊರ ಮಕ್ಳೂ ಉಣ್ತವೆ ಅಂತ.”

ಯಾವುದನ್ನು ಹೇಳಬೇಕು ಯಾವುದನ್ನು ಬಿಡಬೇಕು ಎಂದು ಹತ್ತು ವರ್ಷದ ಹುಡುಗಿ ನನಗೆ ಕಲಿಸುತ್ತಾಳೆ. ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

೧೭ ಡಿಸೆಂಬರ್

ಎಪ್ಪತ್ತೊಂದು. ಇನ್‌ಸ್ಪೆಕ್ಟರು ಬರುವುದು ಜನವರಿ ಇಪ್ಪತ್ತಮೂರು.

೧೯ ಜನವರಿ ೧೯೫೯, ಸೋಮವಾರ

ಸಂಕ್ರಾಂತಿ ಮುಗಿದಿದೆ. ಕಾಲೊನಿಯಲ್ಲಿ ಮಂಗಮ್ಮ ಮಡಕೆಯ ಜೊತೆಗೆ ಒಂದು ಮೊರ ತುಂಬ ಹೊಸ ರಾಗಿ ತಂದಳು. ಕಣದಲ್ಲಿ ಒಂದು ತಿಂಗಳು ದುಡಿದದ್ದಕ್ಕೆ ಬಂದ ಕಾಳು. ಮೊರದ ನಡುವೆ ಒಂದು ಚೂರು ಬೆಲ್ಲ ಇಟ್ಟಿದ್ದಳು.

“ಸಾಮಿ, ದೊಡ್ಡ ಸಾಹೇಬ್ರು ಬರೋ ದಿನ ಇದನ್ನೇ ಮಾಡ್ಸಿ. ಹೊಸ ರಾಗಿ ಹಿಟ್ಟು ಕಂಪಾಗಿರ್ತದೆ. ಮಾಡ್ತಾರಾ?”

ಯಲ್ಲಕ್ಕ ಬಾಗಿಲಲ್ಲಿ ನಿಂತಿದ್ದಳು. ಹೇಳಬೇಡ ಎನ್ನುವಂತೆ ತಲೆ ಅಲ್ಲಾಡಿಸಿದಳು.

ಮಾಡುವುದಿಲ್ಲ ಎಂದೆ. ಯಾಕೆ ಎಂದಳು ಮಂಗಮ್ಮ. ನಿಮ್ಮ ರಾಗಿ ಸ್ಕೂಲಿಗೆ ಹೋಗುವುದಿಲ್ಲ, ಅಂಗಡಿಗೆ ಹೋಗುತ್ತದೆ, ಮೊದಲಿಂದಲೂ, ಎಂದೆ. ಅವಳು ಕೇಳಿದ್ದಕ್ಕಿಂತ ಹೆಚ್ಚು ಹೇಳಿದೆನೇನೋ. ಆದರೆ ಅದರಲ್ಲಿ ಒಂದು ಮಾತೂ ಸುಳ್ಳಲ್ಲ.

ಮಂಗಮ್ಮ ಮೊರವನ್ನು ಒಳಗಿಟ್ಟು ಬಂದು ಮಡಕೆಯನ್ನೂ ಎತ್ತಿಕೊಂಡಳು. “ನಮ್ಮ ಬೆವರು ತೂಕಕ್ಕೆ ಹಾಕಿ ಉಪ್ಪು ತಂದ್ರಾ,” ಎಂದಳು. ಬಾಗಿಲು ಹಾಕಿಕೊಂಡಳು. ಉಳಿದ ಹನ್ನೊಂದು ಮನೆಯ ರಾಗಿಯನ್ನು ಮೂಟೆಗೆ ತುಂಬಿಸಿಕೊಂಡೇ ಬಂದೆ. ಅವರು ಇನ್ನೂ ಕೇಳಿರಲಿಲ್ಲ.

೨೦ ಜನವರಿ, ಮಂಗಳವಾರ

ಕಾಲೊನಿಯಿಂದ ಒಂದು ಮಗುವೂ ಬರಲಿಲ್ಲ. ಹಾಜರಿ ಮೂವತ್ತೆಂಟು.

೨೨ ಜನವರಿ, ಗುರುವಾರ

ಮೇಷ್ಟ್ರು ನಿನ್ನೆ ಕಾಲೊನಿಗೆ ಹೋಗಿ ಕೈ ಮುಗಿದರಂತೆ. ಅವರ ಪಂಚಾಯಿತಿ ಕೂತು ಒಂದೇ ಮಾತು ಹೇಳಿತಂತೆ. ಇನ್‌ಸ್ಪೆಕ್ಟರು ಬರುವ ದಿನ ನಮ್ಮ ರಾಗಿಯೂ ಬೇಯಲಿ, ಮಕ್ಕಳನ್ನು ಕಳಿಸುತ್ತೇವೆ. ಮಂಗಮ್ಮ ಆ ಮೊರವನ್ನು ಮತ್ತೆ ಹೊರಗೆ ತಂದುಕೊಟ್ಟಳಂತೆ.

ಮೇಷ್ಟ್ರು ಒಪ್ಪಿ ಬಂದಿದ್ದಾರೆ. ಊರವರಿಗೆ ಹೇಳಿಲ್ಲ. ಬೆಳಿಗ್ಗೆ ನಾನು ಊರಿನ ಮೂಟೆಯನ್ನೂ ಅಂಗಡಿಗೆ ಇನ್ನೂ ಹಾಕದ ಕೆಂಪು ದಾರದ್ದನ್ನೂ ಗಾಡಿಗೆ ಹಾಕಿಕೊಂಡು, ಊರಿನಲ್ಲಿರುವ ರೇವಣಸಿದ್ದಪ್ಪನ ಮಿಲ್ಲು ಬೇಡವೆಂದು ತ್ಯಾಗರಾಜನಗರದ ಹತ್ತಿರದ ಮಿಲ್ಲಿಗೆ ಹೋದೆ. ಕೆಂಪು ದಾರ ಬಿಚ್ಚಿ, ಮಂಗಮ್ಮನ ಹೊಸ ರಾಗಿಯನ್ನೂ ಸೇರಿಸಿ, ಎಲ್ಲವನ್ನೂ ಒಟ್ಟಿಗೆ ಸುರಿದೆ. ಕೆಳಗೆ ಬಂದದ್ದು ಒಂದೇ ಹಿಟ್ಟು. ಬಿಸಿಯಾಗಿತ್ತು. ಸ್ವಲ್ಪ ಹೊತ್ತು ಅದರಲ್ಲಿ ಕೈ ಇಟ್ಟುಕೊಂಡು ನಿಂತಿದ್ದೆ. ಇಷ್ಟು ದಿನದಲ್ಲಿ ಇವತ್ತು ಗಾಡಿ ತಳ್ಳುವುದು ಭಾರ ಅನ್ನಿಸಲಿಲ್ಲ.

“ಒಂದು ದಿನ ಯಾರಿಗೂ ಗೊತ್ತಾಗದಿದ್ದರೆ ಸಾಕು,” ಎಂದರು ಮೇಷ್ಟ್ರು. “ನಾಳೆ ಹನ್ನೆರಡು ಗಂಟೆ ತನಕ.”

೨೩ ಜನವರಿ, ಶುಕ್ರವಾರ

ಬೆಳಿಗ್ಗೆ ಒಂಬತ್ತಕ್ಕೆ ಎಪ್ಪತ್ತೊಂದೂ ಬಂದಿದ್ದವು. ಜಗುಲಿಯ ಮೇಲೆ ಊರವು, ಅಂಗಳದಲ್ಲಿ ಕಾಲೊನಿಯವು. ಮಾವಿನ ತೋರಣ ಕಟ್ಟಿದ್ದರು. ಯಲ್ಲಕ್ಕ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡಿದ್ದಳು, ಕಂಪಾಸ್ ಪೆಟ್ಟಿಗೆ ಮಡಿಲಲ್ಲಿತ್ತು. ತೋರಣ ಎತ್ತಿ ಕಟ್ಟಲು ಮೇಷ್ಟ್ರು ಕರೆದರು, ನಾನು ಒಳಗೆ ಹೋಗಿದ್ದೆ.

ಹತ್ತೂವರೆಗೆ ದೊಡ್ಡಪ್ಪ ಬಂದ. ಹಿಂದೆ ಊರಿನ ಹತ್ತು ಜನ, ರೇವಣಸಿದ್ದಪ್ಪನೂ ಇದ್ದ. ದೊಡ್ಡಪ್ಪ ಹಂಡೆಯ ಹತ್ತಿರ ನಿಂತು ವಾಸನೆ ತೆಗೆದುಕೊಂಡ, ಖುಷಿಯಾಗಿದ್ದ. ಏನೋ ನೆನಪಾದವನ ಹಾಗೆ ನನ್ನ ಕಡೆ ತಿರುಗಿದ.

“ಲೇ ವೆಂಕ್ಟಾಚಲ, ಈ ವಾರ ಕೆಂಪು ದಾರದ್ದು ಅಂಗಡಿಗೆ ಬರ್ಲಿಲ್ಲ ಅಂತಾನಲ್ಲ ಇವ್ನು. ಎಲ್ಲೋಯ್ತು?”

ಮೇಷ್ಟ್ರು ಬೋರ್ಡಿನ ಮೇಲೆ ತಾರೀಕು ಬರೆಯುತ್ತಿದ್ದವರು ನಿಲ್ಲಿಸಿದರು. ತಿರುಗಲಿಲ್ಲ. ಸೀಮೆಸುಣ್ಣ ಬೋರ್ಡಿಗೆ ಅಂಟಿಕೊಂಡ ಹಾಗೆ ಇತ್ತು. ಇನ್‌ಸ್ಪೆಕ್ಟರಿಗೆ ಇನ್ನೂ ಅರ್ಧ ಗಂಟೆ. ನಾಳೆ ಹಾಕುತ್ತೇನೆ ಅಂದಿದ್ದರೆ ಮುಗಿಯುತ್ತಿತ್ತು. ಗೊತ್ತಿಲ್ಲ ಅಂದಿದ್ದರೂ ಮುಗಿಯುತ್ತಿತ್ತು. ಇವೆರಡೂ ನನಗೆ ಆಗಲೇ ಹೊಳೆದಿದ್ದವು.

“ಒಲೆ ಮೇಲಿದೆ,” ಎಂದೆ.

ದೊಡ್ಡಪ್ಪ ಜಗುಲಿಗೆ ಹೋಗಿ ತನ್ನ ಮೊಮ್ಮಗನ ಕೈ ಹಿಡಿದು ಎಬ್ಬಿಸಿದ. ಅಷ್ಟೇ. ಉಳಿದವರು ತಮ್ಮ ತಮ್ಮ ಮಕ್ಕಳನ್ನು ಎಬ್ಬಿಸಿದರು. ಜಗುಲಿಯ ಮೇಲೆ ಸ್ಲೇಟುಗಳು ಉಳಿದವು.

ಇನ್‌ಸ್ಪೆಕ್ಟರು ಹನ್ನೊಂದಕ್ಕೆ ಬಂದರು. ಅಂಗಳದ ಮಕ್ಕಳಲ್ಲಿ ಒಂದೂ ಕದಲಿರಲಿಲ್ಲ. ಎಣಿಸಿದರು, ಮೂವತ್ತಮೂರು. ಊರವರ ಮಕ್ಕಳು ಎಲ್ಲಿ ಎಂದು ಕೇಳಿದರು. ಮೇಷ್ಟ್ರು ಏನೋ ಹೇಳಿದರು, ಅವರು ನಂಬಿದ ಹಾಗೆ ಕಾಣಲಿಲ್ಲ. ಒಂದು ಭಾಗಾಕಾರ ಕೊಟ್ಟರು. ಯಲ್ಲಕ್ಕ ಮಾಡಿದಳು. ಚೆನ್ನಾಗಿ ಮಾಡಿದೆ ಎಂದರು. ಪುಸ್ತಕದಲ್ಲಿ ಮೂವತ್ತಮೂರು ಎಂದೇ ಬರೆದುಕೊಂಡು ಹೋದರು.

ಊಟ ಇಲ್ಲ, ಮನೆಗೆ ಹೋಗಿ, ಎಂದು ಮಕ್ಕಳಿಗೆ ಹೇಳಿದ್ದು ದೊಡ್ಡಪ್ಪ. ಹಂಡೆ ಅವನದು. ಅದನ್ನು ಗಾಡಿಗೆ ಎತ್ತಿಸಿ, ಕೆರೆ ಪಕ್ಕದ ತಿಪ್ಪೆಗುಂಡಿಗೆ ಸುರಿದು ಬಾ ಎಂದ. ಆಗಲ್ಲ ಅನ್ನಬಹುದಿತ್ತು. ಕೇಳಿದ್ದಕ್ಕೆ ಉತ್ತರ ಹೇಳುವುದು ನನಗೆ ಗೊತ್ತು, ಹೇಳಿದ ಕೆಲಸ ಬಿಡುವುದು ಗೊತ್ತಿರಲಿಲ್ಲ. ತಳ್ಳಿಕೊಂಡು ಹೋದೆ. ಬೆಂದ ಹಿಟ್ಟು ಇನ್ನೂ ಬಿಸಿಯಾಗಿತ್ತು, ಕಂಪಾಗಿತ್ತು. ಸುರಿದೆ. ತಿರುಗಿದಾಗ ಯಲ್ಲಕ್ಕ ಏರಿಯ ಮೇಲೆ ನಿಂತಿದ್ದಳು. ಎಷ್ಟು ಹೊತ್ತಿಂದ ನಿಂತಿದ್ದಳೋ.

೨೪ ಜನವರಿ

ಮೇಷ್ಟ್ರನ್ನು ಹುಡುಕಿಕೊಂಡು ಹೋದೆ. ಬೈಯಲಿ ಅಂತ. ಬೈಯಲಿಲ್ಲ. “ನಿನಗೆ ಬೇಕಾದ್ದು ನಿಜ ಅಲ್ಲಪ್ಪ. ನಿಜ ಹೇಳಿದವನು ನಾನು ಅನ್ನೋ ಹೆಸರು,” ಎಂದರು.

ಎರಡು ಮೂಟೆ ಮಾಡಲು ಒಪ್ಪಿದವರು ಯಾರು ಎಂದೆ. ನಾನೇ ಎಂದರು. ಅಷ್ಟು ಬೇಗ ಒಪ್ಪಿಕೊಳ್ಳುತ್ತಾರೆ ಅಂದುಕೊಂಡಿರಲಿಲ್ಲ. ಎದ್ದು ಬಂದುಬಿಟ್ಟೆ.

೨೭ ಜನವರಿ

ಮೇಷ್ಟ್ರ ಮಾತು ಸುಳ್ಳು.

೨ ಫೆಬ್ರವರಿ, ಸೋಮವಾರ

ಜಯನಗರದ ಮಡಕೆಗಳನ್ನು ವಾಪಸ್ ತರಲು ಹೋದೆ. ಉಮಾಮಹೇಶ್ವರಿಯವರು, ಊಟ ನಿಂತಿತೇ, ಪಾಪ, ಯಾಕೆ ಎಂದರು. ಪೂರ್ತಿ ಹೇಳಿದೆ. ಕೇಳಿಸಿಕೊಂಡು, ಮತ್ತೆ ನಮ್ಮ ಅಕ್ಕಿ ಯಾವುದರ ಜೊತೆ ಬೆರೆಸುತ್ತಿದ್ದಿರಿ ಎಂದರು. ಮಡಕೆ ತೆಗೆದುಕೊಂಡು ಬಂದೆ.

ಬರುವಾಗ ಸೈಟಿನ ಕಲ್ಲುಗಳ ನಂಬರನ್ನು ನಾನೇ ಕೂಡಿಸಿಕೊಂಡು ಬಂದೆ. ಮೊತ್ತ ನೆನಪಿಲ್ಲ.

೧೧ ಏಪ್ರಿಲ್

ಸ್ಕೂಲು ಮುಚ್ಚುವ ಆರ್ಡರು ಬಂತು. ಮೇಷ್ಟ್ರಿಗೆ ತಲಘಟ್ಟಪುರದ ಕಡೆಗೆ ವರ್ಗ. ಸಾಮಾನು ಎತ್ತಿನ ಗಾಡಿಗೆ ಹಾಕುವಾಗ ಕೈ ಹಾಕಿದೆ. ಬೇಡ ಅನ್ನಲಿಲ್ಲ.

೮ ಜೂನ್ ೧೯೫೯, ಸೋಮವಾರ

ಬಹಳ ದಿನ ಬರೆದಿಲ್ಲ. ಹಾಳೆಗಳು ಇನ್ನೂ ಉಳಿದಿವೆ.

ಸ್ಕೂಲಿನ ಕಟ್ಟಡದಲ್ಲಿ ಈಗ ದೊಡ್ಡಪ್ಪನ ಸಿಮೆಂಟಿದೆ. ಪಕ್ಕದಲ್ಲಿ ಬಾಡಿಗೆಗೆ ಕೊಡಲು ಸಾಲು ಮನೆ ಕಟ್ಟಿಸುತ್ತಿದ್ದಾನೆ. ಅಲ್ಲಿ ಆಳುಗಳ ಹಾಜರಿ ಬರೆಯುವುದು ನನ್ನ ಕೆಲಸ. ಊರವರ ಮಕ್ಕಳು ಇವತ್ತಿಂದ ಜಯನಗರದ ಸ್ಕೂಲಿಗೆ ಹೋಗುತ್ತಾರೆ, ಆರು ಜನ ಸೈಕಲ್ಲಿನಲ್ಲಿ. ಇವತ್ತೇ ಹಾಜರಿಗೆ ಹೊಸ ಹೆಸರು ಬಂತು, ಯಲ್ಲಕ್ಕ. ಮರಳು ಹೊರುವುದಕ್ಕೆ. ಬರೆದುಕೊಂಡೆ. ಗುಂಡಗೆ ಬರೆದೆ, ಅವಳು ಪುಸ್ತಕದ ಕಡೆಗೇ ನೋಡುತ್ತಿದ್ದಳು.

ಮಧ್ಯಾಹ್ನ ಮಂಗಮ್ಮ ಅವಳಿಗೆ ಬುತ್ತಿ ತಂದಳು. ನನ್ನನ್ನು ನೋಡಿ ಹೋಗಿಬಿಡುತ್ತಾಳೆ ಅಂದುಕೊಂಡೆ. ಹತ್ತಿರ ಬಂದಳು. ಜನವರಿಯಿಂದ ಮಾತಾಡಿರಲಿಲ್ಲ.

“ಒಂದು ಕೇಳ್ತೀನಿ. ಅವತ್ತು ಬೆಂದ ಹಿಟ್ಟು ಏನಾಯ್ತು? ರಸ್ತೆ ಕೆಲಸದೋರ್ಗೆ ಹಾಕುದ್ರು, ಅವ್ರು ಉಂಡ್ರು ಅಂತ ಯಲ್ಲಿ ಹೇಳ್ತಾಳೆ. ನನ್ನ ಸಮಾಧಾನಕ್ಕೆ ಹೇಳ್ತಾಳೋ ಏನೋ. ಹೊಸ ರಾಗಿ, ಮಣ್ಣಿಗೆ ಬಿತ್ತಾ ಅಂತ ಒಂದೇ ಯೋಚನೆ. ನೀನು ಸುಳ್ಳಾಡೋನಲ್ಲ. ಹೇಳು. ಉಂಡ್ರಾ?”

ಯಲ್ಲಕ್ಕ ಮರಳಿನ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ನಿಂತಿದ್ದಳು. ಈ ಸಲ ತಲೆ ಅಲ್ಲಾಡಿಸಲು ಆಗುವ ಹಾಗಿರಲಿಲ್ಲ.

“ಉಂಡ್ರು ಅಜ್ಜಿ,” ಎಂದೆ. “ಒಂದು ತುತ್ತೂ ಬಿಡ್ಲಿಲ್ಲ.”

ಮಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ಯಲ್ಲಕ್ಕ ಮರಳು ಸುರಿಯಲು ಹೋದಳು. ಮೂರು ಗಂಟೆಗೆ ಎರಡು ಲೋಡು ಇಟ್ಟಿಗೆ ಬಂತು, ಇಳಿಸಿಕೊಂಡೆವು.